ಕೈ ಹಿಡಿದು ಬರೆಸಿದ ಮಾತು

ಹೊಳೆಯ ದಂಡೆಗೆ ಒಂದು ಮಠ. ಆ ಮಠಕ್ಕೆ ಒಬ್ಬರು ಅವ್ವಾರು. ಅವರ ಹೆಸರು ಚೆನ್ನವೀರಮ್ಮ, ಆದರೆ ಆ ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲ.

ಮಠದ ಅಂಗಳದಾಚೆ ಒಂದು ಖೋಲಿ ಇತ್ತು. ಊರೂರ ಶಾಲೆಗಳು ನಮ್ಮ ಕೈಲಾಗದು ಎಂದು ಬಾಗಿಲು ತೋರಿಸಿದ ಮಕ್ಕಳೆಲ್ಲ ಬಂದು ಸೇರುವುದು ಅಲ್ಲಿ. ಮಾತು ಬಾರದವು, ಕೂತಲ್ಲಿ ಕೂರದವು, ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದವು. ತಲೆ ನರೆಯುವ ಮೊದಲಿನಿಂದ ಅವ್ವಾರು ಈ ಮಕ್ಕಳ ನಡುವೆಯೇ ಕೂತವರು. ಒಂದು ಮಗು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಂಡರೆ ಅವತ್ತು ಮಠದಲ್ಲಿ ಹುಗ್ಗಿ ಮಾಡಿಸುತ್ತಿದ್ದರು.

ರೇವಣಯ್ಯ ಈ ಅವ್ವಾರ ಶಿಷ್ಯ. ಪಾಠಶಾಲೆಯಲ್ಲಿ ಚೆನ್ನಾಗಿ ಓದಿ ಬಂದವನು. ಲೋಕದಲ್ಲಿ ಅಕ್ಷರ ಒಂದಿದ್ದರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆ ಬಾಲ ಆಡಿಸುತ್ತ ಬರುತ್ತದೆ ಎಂದು ನಂಬಿದವನು. ಬಂದು ವರ್ಷವಾಗಿತ್ತು. ಆ ವರ್ಷವೆಲ್ಲ ಅವನು ಒಂದೇ ಹುಡುಗಿಯ ಬೆನ್ನು ಹತ್ತಿದ್ದ.

ಹುಡುಗಿಯ ಹೆಸರು ಸಾವಂತ್ರಿ. ತಾಯಿ ಫಕೀರವ್ವ ಚುರುಮುರಿ ಹುರಿಯುವ ಭಟ್ಟಿಯಲ್ಲಿ ಕೂಲಿ. ತಂದೆ ಇರಲಿಲ್ಲ. ಮಗಳಿಗೆ ಮಾತಿಲ್ಲ, ಬೆಂಕಿ ಕಂಡರೆ ಓಡಿ ಹೋಗಿ ಕೈ ಚಾಚುವವಳು. ಅಂಥ ಮಗುವನ್ನು ಭಟ್ಟಿಗೆ ಕರೆದೊಯ್ಯುವ ಹಾಗಿಲ್ಲ, ಮನೆಯಲ್ಲಿ ಬಿಡುವ ಹಾಗೂ ಇಲ್ಲ. ಅದಕ್ಕೇ ತಂದು ಅವ್ವಾರ ಮಡಿಲಿಗೆ ಹಾಕಿ ಹೋಗಿದ್ದಳು.

ಆ ಖೋಲಿಯಲ್ಲಿ ಬರಹ ಕಲಿಸುವುದಕ್ಕೊಂದು ಕ್ರಮವಿತ್ತು. ಹಲಗೆಯ ಮೇಲೆ ಹೊಳೆಯ ಮರಳು ಹರವಿ, ಮಗುವಿನ ಬೆರಳು ಹಿಡಿದು ತಿದ್ದಿಸಬೇಕು. ಸ್ವಲ್ಪ ದಿನಕ್ಕೆ ಬೆರಳು ಬಿಟ್ಟು ಮಣಿಕಟ್ಟು ಹಿಡಿಯಬೇಕು, ಆಮೇಲೆ ಮೊಳಕೈ. ಕೊನೆಗೆ ಪೂರ್ತಿ ಬಿಟ್ಟು ಹಿಂದೆ ಸರಿದು ಕೂರಬೇಕು.

ರೇವಣಯ್ಯ ಸಾವಂತ್ರಿಯ ಬೆರಳು ಹಿಡಿದ. ದಿನಗಟ್ಟಲೆ ಹಿಡಿದೇ ಕೂತ. ಒಂದು ಮುಂಜಾನೆ ಅವಳ ಬೆರಳು ತಾನಾಗಿ ಸರಿದ ಹಾಗೆ ಅವನಿಗೆ ಅನಿಸಿತು. ಮರಳಿನ ಮೇಲೆ ನಿಧಾನವಾಗಿ ‘ಅವ್ವ’ ಎಂದು ಮೂಡಿತು.

ಅವನು ಎದ್ದು ಬಿದ್ದು ಓಡಿ ಅವ್ವಾರನ್ನು ಕರೆತಂದ. ಅವ್ವಾರು ಹಲಗೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತು ಹುಗ್ಗಿಗೆ ತುಪ್ಪ ಜಾಸ್ತಿಯೇ ಬಿತ್ತು.

ಆಮೇಲೆ ಸಾವಂತ್ರಿ ನಿಲ್ಲಲಿಲ್ಲ. ಹೊಳೆ ತುಂಬಿದೆ ಎಂದು ಬರೆದಳು. ಗುರುಗಳಿಗೆ ಶರಣು ಎಂದು ಬರೆದಳು. ಸುದ್ದಿ ಸುತ್ತಲ ಊರಿಗೆ ಹಬ್ಬಿತು. ಪವಾಡ ಎಂದರೆ ನಮ್ಮ ಜನಕ್ಕೆ ಊಟವೂ ಬೇಡ, ನಿದ್ದೆಯೂ ಬೇಡ; ಬಂದು ನೋಡಿದರು, ಹುಡುಗಿಗೆ ಕೈ ಮುಗಿದರು, ರೇವಣಯ್ಯನಿಗೂ ಮುಗಿದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ಅವನೂ ಸ್ವಲ್ಪ ಉಬ್ಬಿದ.

ಒಂದು ಮಾತ್ರ ಆಗಲಿಲ್ಲ. ಬೆರಳು ಬಿಟ್ಟರೆ ಸಾವಂತ್ರಿಯ ಕೈ ಹಲಗೆಯ ಮೇಲೆ ಸುಮ್ಮನೆ ಬಿದ್ದುಬಿಡುತ್ತಿತ್ತು. ರೇವಣಯ್ಯ ಅದಕ್ಕೊಂದು ಕಾರಣವನ್ನೂ ಹುಡುಕಿ ಇಟ್ಟುಕೊಂಡಿದ್ದ. ಹುಡುಗಿಗೆ ಧೈರ್ಯ ಸಾಲದು, ತನ್ನ ಕೈ ತಾಗಿದ್ದರೆ ಧೈರ್ಯ ಬರುತ್ತದೆ. ಹೀಗಾಗಿ ಮಣಿಕಟ್ಟು ಹಿಡಿಯುವ ದಿನ ಮುಂದೆ ಮುಂದೆ ಹೋಗುತ್ತಲೇ ಇತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಫಕೀರವ್ವ ಬಂದಳು. ಮಠದ ಪದ್ಧತಿಯಂತೆ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಗೇಟಿನ ಚಿಲಕ ಹಾಕಿ ಒಳಗೆ ಬಂದಳು. ಬಗಲಲ್ಲಿ ಒಂದು ಗಂಟು, ಗಂಟಿನಲ್ಲಿ ಮಗಳಿಗೆ ಹೊಸ ಲಂಗ. ಮುಖ ಅರಳಿತ್ತು. ಗಂಡ ತೀರಿದ ಅಕ್ಕ ಈಗ ತನ್ನ ಮನೆಗೇ ಬಂದು ಇದ್ದಾಳೆ, ಮಗುವನ್ನು ನೋಡಿಕೊಳ್ಳಲು ಒಬ್ಬರಾದರು, ಇವತ್ತೇ ಕರೆದುಕೊಂಡು ಹೋಗುತ್ತೇನೆ ಎಂದು ಅವ್ವಾರ ಮುಂದೆ ಒಂದೇ ಉಸಿರಿಗೆ ಹೇಳಿದಳು.

ಇಷ್ಟು ದೂರ ಬಂದ ಹುಡುಗಿ ಭಟ್ಟಿಯ ಬೂದಿಗೆ ಹೋಗಿ ಬೀಳುವುದೇ ಎಂದು ರೇವಣಯ್ಯನಿಗೆ ತಡೆಯಲಾಗಲಿಲ್ಲ. ಸಾವಂತ್ರಿಯನ್ನೇ ಒಂದು ಮಾತು ಕೇಳೋಣ, ಈಗ ಅವಳಿಗೆ ಹೇಳಲು ಬರುತ್ತದಲ್ಲ ಎಂದ. ಮಾತು ನ್ಯಾಯವಾಗಿಯೇ ಇತ್ತು. ಫಕೀರವ್ವ ಆಸೆಯಿಂದ ಹಲಗೆಯ ಮುಂದೆ ಕೂತಳು. ಅವ್ವಾರು ಗೋಡೆಗೆ ಒರಗಿ ನಿಂತರು.

ರೇವಣಯ್ಯ ಬೆರಳು ಹಿಡಿದ. ಬೆರಳು ಸರಿಯಿತು. ಮರಳಿನ ಮೇಲೆ ಮೂಡಿದ್ದನ್ನು ಅವನೇ ಓದಿ ಹೇಳಿದ, ಫಕೀರವ್ವನಿಗೆ ಓದು ಬರುತ್ತಿರಲಿಲ್ಲ.

“ನಾನು ಇಲ್ಲಿಯೇ ಇರುವೆ. ಮನೆಗೆ ಬರಲಾರೆ.”

ಫಕೀರವ್ವ ಗರ ಬಡಿದವಳ ಹಾಗೆ ಕೂತುಬಿಟ್ಟಳು.

“ಆಕಿನ ಹೇಳಿದಳೇನ್ರಿ ಇದನ್ನ?”

“ಆಕಿನ ಬರದಾಳ, ನೀನ ನೋಡಿದೆಲ್ಲ.”

“ಹುಟ್ಟಿದಾಗಿಂದ ಆಕಿ ಒಂದ ಮಾತ ಆಡ್ಲಿ ಅಂತ ಕಂಡ ಕಂಡ ದೇವರಿಗೆಲ್ಲ ಹರಕಿ ಹೊತ್ತೀನ್ರಿ. ನನಗ ಆಕಿ ಹೇಳಿದ ಮೊದಲನೇ ಮಾತ ಇದಾ?”

ಅವಳು ಕಣ್ಣೀರು ಹಾಕಲಿಲ್ಲ, ಜಗಳ ಮಾಡಲಿಲ್ಲ. ಗಂಟನ್ನು ಮಗಳ ಪಕ್ಕ ಇಟ್ಟಳು. ಹಾಗಾದರೆ ಇನ್ನು ಮಗಳು ಮಠದವಳು, ತಾನು ಮತ್ತೆ ಬರುವುದಿಲ್ಲ, ಬಂದು ಹೋಗಿ ಮಾಡಿದರೆ ಹೊಟ್ಟೆ ಉರಿಯುತ್ತದೆ ಎಂದು ಅವ್ವಾರಿಗೆ ಕೈ ಮುಗಿದು ಎದ್ದು ನಿಂತಳು.

“ತಡಿ ಫಕೀರವ್ವ. ಒಂದೀಟು ಕೂಡು,” ಎಂದರು ಅವ್ವಾರು.

ರೇವಣಯ್ಯನನ್ನು ಅಡುಗೆಮನೆಗೆ ಕರೆದರು. ಅವನ ಕಣ್ಣ ಮುಂದೆಯೇ ಗಡಿಗೆಯಿಂದ ಒಂದು ಹರಳು ಉಪ್ಪು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಇದನ್ನು ಸಾವಂತ್ರಿಯ ಬಾಯಿಗೆ ಹಾಕುತ್ತೇನೆ, ಬಾಯಲ್ಲಿ ಏನಿದೆ ಎಂದು ನೀನು ಕೇಳು, ಅವಳು ಬರೆಯಲಿ ಎಂದರು.

ಅವನಿಗೆ ಖುಷಿಯೇ ಆಯಿತು. ತಾಯಿಯ ಸಂಶಯ ಪರಿಹಾರವಾಗಲಿ ಎಂದು ಅವ್ವಾರು ದಾರಿ ಹುಡುಕಿದ್ದಾರೆ ಎಂದುಕೊಂಡ. ಮುಂದೆ ಮುಂದೆ ಹೋಗಿ ಹಲಗೆಯ ಮರಳನ್ನು ಸವರಿ ಸಮ ಮಾಡಿದ. ಅವ್ವಾರು ಎರಡೂ ಮುಷ್ಟಿ ಮುಚ್ಚಿಕೊಂಡು ಹಿಂದೆ ಬಂದರು. ಸಾವಂತ್ರಿಯ ಗಲ್ಲ ಹಿಡಿದು ಬಾಯಿಗೆ ಹಾಕಿದರು.

“ಈಗ ಕೇಳು.”

ಅವನು ಕೇಳಿದ. ಬೆರಳು ಹಿಡಿದ. ಬೆರಳು ತಡವರಿಸದೆ ಸರಿಯಿತು. ಅವನು ತಲೆ ಎತ್ತಿ, ಫಕೀರವ್ವನ ಕಡೆ ನೋಡಿ, ದೊಡ್ಡ ದನಿಯಲ್ಲಿ ಓದಿದ.

“ಉಪ್ಪು.”

ಸಾವಂತ್ರಿ ತುಟಿ ಚಪ್ಪರಿಸುತ್ತಿದ್ದಳು. ಮುಖ ಕಿವುಚಿರಲಿಲ್ಲ.

“ಆಕಿ ಬಾಯಿ ನೋಡು,” ಎಂದರು ಅವ್ವಾರು.

ಅವನು ಬಗ್ಗಿ ನೋಡಿದ. ತುಟಿಯ ಅಂಚಿನಿಂದ ಕಂದು ಬಣ್ಣದ ಜೊಲ್ಲು ಇಳಿಯುತ್ತಿತ್ತು. ಬೆಲ್ಲದ ವಾಸನೆ ಅವನ ಮೂಗಿಗೆ ಬಡಿಯಿತು. ಅವ್ವಾರು ಇನ್ನೊಂದು ಮುಷ್ಟಿ ಬಿಚ್ಚಿದರು. ಉಪ್ಪಿನ ಹರಳು ಬೆವರಿಗೆ ಅಂಗೈಗೆ ಅಂಟಿಕೊಂಡು ಅಲ್ಲೇ ಇತ್ತು.

ರೇವಣಯ್ಯ ಹಾವು ತುಳಿದವನ ಹಾಗೆ ಹುಡುಗಿಯ ಬೆರಳು ಬಿಟ್ಟ. ಅವಳ ಕೈ ಮರಳಿನ ಮೇಲೆ ಸುಮ್ಮನೆ ಬಿತ್ತು, ‘ಉಪ್ಪು’ ಅಳಿಸಿಹೋಯಿತು.

“ನಾ ಬರೀಲಿಲ್ರಿ ಅವ್ವಾರ. ದೇವರಾಣಿ ನಾ ಬರೀಲಿಲ್ಲ.”

“ಗೊತ್ತೈತಿ. ಬರದದ್ದು ನಿನಗ ಗೊತ್ತಾಗಿಲ್ಲ.”

“ಆಕಿ ಬೆರಳು ಸರೀತಿತ್ರಿ. ನನ್ನ ಕೈಗೆ ತಿಳೀತಿತ್ತು.”

“ಮೋಸ ಮಾಡಬೇಕಂತ ಮಾಡಿದ್ದರ ಬೈದು ಬಿಡ್ತಿದ್ದೆ. ಇದು ಹಂಗಲ್ಲ, ಅದಕ್ಕ ನನಗ ಅಂಜಿಕಿ.”

ಅವನು ತನ್ನ ಕೈಯನ್ನೇ ನೋಡುತ್ತ ಕೂತ. ಪರರ ಕೈ ನೋಡಿದ ಹಾಗಿತ್ತು. ‘ಅವ್ವ’ ಎಂದು ಬರೆದದ್ದು ಅವನೇ. ಹೊಳೆ ತುಂಬಿದೆ ಎಂದದ್ದು ಅವನೇ, ಗುರುಗಳಿಗೆ ಶರಣು ಎಂದದ್ದೂ ಅವನೇ. ಇಲ್ಲಿಯೇ ಇರುವೆ ಎಂದದ್ದೂ ಅವನೇ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ತಾಯಿ ಗೇಟು ದಾಟಿ ಹೋಗಿರುತ್ತಿದ್ದಳು. ತನ್ನ ಆಸೆಯನ್ನು ಮಗಳ ಬಾಯಿಗೆ ತುರುಕಿ ತಾಯಿಯನ್ನು ಅಟ್ಟಿದ ಪಾಪ ಅವನ ತಲೆಗೆ ಬರುತ್ತಿತ್ತು.

ಫಕೀರವ್ವನಿಗೆ ಅಳಬೇಕೋ ನಗಬೇಕೋ ತಿಳಿಯದಾಯಿತು. ಮಗಳ ಮೊದಲ ಮಾತು ಹೋಯಿತು, ಮಗಳು ಉಳಿದಳು.

“ಹಂಗಾರ ಆಕಿ ಏನೂ ಹೇಳಿಲ್ಲೇನ್ರಿ?” ಎಂದು ಕೇಳಿದಳು.

ಅವ್ವಾರು ಸೆರಗಿನಿಂದ ಸಾವಂತ್ರಿಯ ತುಟಿ ಒರೆಸಿದರು. ರೇವಣಯ್ಯ ತಲೆ ಎತ್ತದೆಯೇ ಕೇಳಿದ.

“ನಿಮಗ ಮೊದಲ ಗೊತ್ತಿತ್ತೇನ್ರಿ?”

“ಇಲ್ಲ. ನಾನೂ ನಂಬಿದ್ದೆ. ಬೆರಳು ಬಿಡು ಅಂತ ನಾ ಹೇಳಬೇಕಾಗಿತ್ತು, ಹೇಳಲಿಲ್ಲ. ಆಕಿ ಬರೀಲಿ ಅಂತ ನನಗೂ ಆಸೆ ಇತ್ತು. ಇವತ್ತ ಆಕಿ ಕಣ್ಣು ನೋಡಿದೆ. ಬರಿಯೋ ಹೊತ್ತಿಗೆ ಆಕಿ ಹಲಗಿ ನೋಡಲಿಲ್ಲ, ಅವ್ವನ್ನ ನೋಡ್ತಿದ್ದಳು.”

ಗುರುವೂ ಮೋಸ ಹೋಗುತ್ತಾರೆಂಬುದು ಅವನಿಗೆ ಇನ್ನೊಂದು ಆಘಾತ. ಗುರು ಎಂದರೆ ಎಲ್ಲ ಬಲ್ಲವರು ಎಂದು ಅವನು ಓದಿದ್ದ.

“ಈಗ ನಿನ್ನ ಕೈ ಆಕಿಗೆ ಕೊಡು,” ಎಂದರು ಅವ್ವಾರು.

“ಏನ್ ಮಾಡ್ಲಿರಿ?”

“ಏನೂ ಮಾಡಬ್ಯಾಡ. ನಿದ್ದಿ ಹತ್ತಿದವರ ಕೈ ಇರತೈತೆಲ್ಲ, ಹಂಗ ಬಿಡು.”

ಅವನು ಕೈ ಚಾಚಿದ. ಸಾವಂತ್ರಿ ಸ್ವಲ್ಪ ಹೊತ್ತು ಬೆಲ್ಲ ಚಪ್ಪರಿಸುತ್ತ ಕೂತಿದ್ದಳು. ಆಮೇಲೆ ಅವನ ಮಣಿಕಟ್ಟು ಹಿಡಿದು ಎದ್ದಳು. ಅವನ ಕೈ ರೂಢಿಯಿಂದ ಅವಳನ್ನು ಮರಳಿನ ಕಡೆ ಎಳೆಯಹೋಯಿತು.

“ಬಿಡು ಅಂದೆ,” ಎಂದರು ಅವ್ವಾರು.

ಅವನು ಬಿಟ್ಟ. ಹುಡುಗಿ ಅವನನ್ನು ಎಳೆದುಕೊಂಡು ಖೋಲಿಯಿಂದ ಹೊರಬಿದ್ದಳು. ಅಂಗಳ ದಾಟಿದಳು. ಎಲ್ಲೂ ನಿಲ್ಲದೆ ನೆಟ್ಟಗೆ ಗೇಟಿಗೆ ಹೋಗಿ, ಅವನ ಅಂಗೈಯನ್ನು ಎತ್ತಿ ಚಿಲಕದ ಮೇಲಿಟ್ಟು ಒತ್ತಿದಳು. ಚಿಲಕ ಅವಳಿಗೆ ನಿಲುಕುತ್ತಿರಲಿಲ್ಲ. ಅವನ ಮುಖ ನೋಡಲಿಲ್ಲ. ಚಿಲಕ ನೋಡಿ ಮತ್ತೊಮ್ಮೆ ಒತ್ತಿದಳು.

ರೇವಣಯ್ಯನಿಗೆ ಆಗ ತಿಳಿಯಿತು. ಬಂದ ದಿನದಿಂದ ಅವಳು ಹೀಗೆಯೇ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಳು. ಪಾಠ ತಪ್ಪಿಸುವ ಚೇಷ್ಟೆ ಎಂದು ಅವನು ದಿನವೂ ಆ ಕೈಯನ್ನು ತಂದು ಮರಳಿಗೆ ಹಚ್ಚಿದ್ದ. ಕಡೆಗೆ ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದ್ದ. ಮಾತು ಕಲಿಸುತ್ತೇನೆಂದು ಅವಳ ಮಾತನ್ನೇ ಬಿಗಿಯಾಗಿ ಹಿಡಿದು ಕೂತಿದ್ದ.

ಅವನು ಚಿಲಕ ತೆಗೆದ.

ಸಾವಂತ್ರಿ ಕೆಲಸ ಮುಗಿದ ಮೇಲೆ ಗುದ್ದಲಿ ಇಳಿಸಿದ ಹಾಗೆ ಅವನ ಕೈ ಬಿಟ್ಟು ಹೊರಗೆ ಹೋದಳು. ಅಲ್ಲಿ ಫಕೀರವ್ವನ ಚಪ್ಪಲಿ ಇದ್ದವು. ತನ್ನ ಪುಟ್ಟ ಪಾದಗಳನ್ನು ಅವುಗಳಲ್ಲಿ ತೂರಿಸಿ, ಊರಿನ ದಾರಿಯ ಕಡೆ ಮುಖ ಮಾಡಿ ನಿಂತಳು.

ಫಕೀರವ್ವ ಓಡಿ ಬಂದಳು. ಈಗ ಅವಳಿಗೆ ಅಳು ಬಂತು, ಬಾಯಿ ಬಿಟ್ಟು ಅತ್ತಳು. ರೇವಣಯ್ಯ ಗಂಟು ತಂದು ಕೊಟ್ಟ, ತಪ್ಪಾಯಿತು ಎಂದು ಕೈ ಮುಗಿದ. ಅವಳು ಅವನನ್ನು ಬೈಯಲಿಲ್ಲ. ಮಗಳ ಕಾಲಿನ ಚಪ್ಪಲಿಯನ್ನೂ ಬಿಡಿಸಲಿಲ್ಲ. ತಾಯಿ ಬರಿಗಾಲಲ್ಲಿ, ಮಗಳು ದೊಡ್ಡ ಚಪ್ಪಲಿ ಎಳೆದುಕೊಂಡು, ಹೊಳೆಯ ದಾರಿ ಹಿಡಿದು ಹೋದರು.

ಅವರು ತಿರುವಿನಲ್ಲಿ ಮರೆಯಾಗುವತನಕ ರೇವಣಯ್ಯ ಗೇಟಿನಲ್ಲೇ ನಿಂತಿದ್ದ. ಅವ್ವಾರು ಹಿಂದೆ ಬಂದು ನಿಂತರು. ಖೋಲಿಯಲ್ಲಿ ಉಳಿದ ಮಕ್ಕಳ ಗದ್ದಲ ಶುರುವಾಗಿತ್ತು.

ತನ್ನನ್ನು ದನದ ಕೊಟ್ಟಿಗೆಯ ಕೆಲಸಕ್ಕೆ ಹಾಕಿಬಿಡಿ ಎಂದು ಅವನು ಬೇಡಿಕೊಂಡ. ದನಗಳ ಬಾಯಿಗೆ ತಾನು ಮಾತು ಹಾಕುವ ಭಯವಿಲ್ಲ ಎಂದ. ಅವ್ವಾರು ಖೋಲಿಯ ಕಡೆ ಹೆಜ್ಜೆ ಹಾಕಿದರು.

ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ನೀವೂ ಮೋಸ ಹೋದ್ರಿ. ಒಂದ ವರ್ಷದ ಕಲಿಕಿ ಒಂದ ಚೂರ ಬೆಲ್ಲಕ್ಕ ಸುಳ್ಳಾತು. ಇಷ್ಟಾದ ಮ್ಯಾಲೂ ಮತ್ತ ಆ ಖೋಲಿಗೆ ಹೊಂಟೀರೆಲ್ಲ, ನಿಮಗ ಧೈರ್ಯ ಎಲ್ಲಿಂದ ಬರತೈತ್ರಿ?”

ಅವ್ವಾರು ತಿರುಗಿ, ತಾಯಿ ಮಗಳು ಹೋದ ದಾರಿಯನ್ನು ತೋರಿಸಿದರು.

“ಆಕಿನ್ನ ನೋಡು. ದಿನಾ ನಿನಗ ಹೇಳಿದಳು, ನಿನಗ ತಿಳೀಲಿಲ್ಲ. ಮರುದಿನ ಮತ್ತ ಮೊದಲಿಂದ ಹೇಳಿದಳು.”