ಎಲ್ಲರನ್ನೂ ಚಿನ್ನ ಎಂದ ನರಿ

ಕಾರೆಮುಳ್ಳೇ ತುಂಬಿದ ಒಂದು ಕುರುಚಲು ಕಾಡಿನಲ್ಲಿ ಒಂದು ನರಿ ಇತ್ತು. ಬಾಯಿ ತೆರೆದರೆ ಸಾಕು, ಜೇನು ಸುರಿಸುತ್ತಿತ್ತು. ಮೊಲ ಸಿಕ್ಕರೆ 'ಚಿನ್ನ', ಅಳಿಲು ಸಿಕ್ಕರೆ 'ಬಂಗಾರ', ಮುದಿ ಉಡ ಸಿಕ್ಕರೂ 'ನನ್ನ ಮುದ್ದು'! ಉಡ ಮುದ್ದಂತೆ, ಥೂ! ಪ್ರೀತಿ ಉಕ್ಕಿ ಹಾಗೆ ಕರೆಯುತ್ತಿತ್ತು ಅಂದುಕೊಂಡಿರಾ? ಎಲ್ಲಿಯ ಪ್ರೀತಿ! ಅದಕ್ಕೆ ಯಾರ ಹೆಸರೂ ಗೊತ್ತಿರಲಿಲ್ಲ. ನಾಳೆ ತಿನ್ನುವ ಪ್ರಾಣಿಯ ಹೆಸರು ಇವತ್ತು ಯಾಕೆ ಕಲಿಯಬೇಕು ಎಂದು ಸುಮ್ಮನಿತ್ತು.

ಅದೇ ಕಾಡಿನಲ್ಲಿ ಕೆಂಚಿ ಎಂಬ ಗೌಜಲಕ್ಕಿಗೆ ಮೂರು ಮರಿಗಳಿದ್ದವು. ಗೌಜಲಕ್ಕಿಗಳಲ್ಲಿ ಒಂದು ಕಟ್ಟುನಿಟ್ಟಿತ್ತು. ತಾಯಿ ಹೊರಗೆ ಹೋದಾಗ ಮರಿಗಳು ಮುಳ್ಳಿನ ಮೆಳೆಯೊಳಗೆ ಅಡಗಿ ಕೂರಬೇಕು. ಹೆಸರು ಹಿಡಿದು ಕರೆದರೆ ಮಾತ್ರ ಹೊರಗೆ ಬರಬೇಕು.

ಒಂದು ಬೆಳಿಗ್ಗೆ ನರಿ ಬಂತು. "ಬಂಗಾರೀ, ಎಷ್ಟು ಸೊರಗಿದ್ದೀಯೇ! ಹೋಗಿ ಹೊಟ್ಟೆ ತುಂಬ ಗೆದ್ದಲು ತಿಂದು ಬಾ. ಮಕ್ಕಳನ್ನು ನಾನು ನೋಡ್ಕೋತೀನಿ" ಎಂದಿತು.

ಪಕ್ಕದಲ್ಲೇ ಇದ್ದ ಮೊಲ ಸಿಡುಕಿತು. "ಏ ಮಂಕೇ, ನರಿ ಕೈಗೆ ಮರಿ ಒಪ್ಪಿಸ್ತಾರೇನೇ? ತಲೆಯಲ್ಲಿ ಏನು ಮಣ್ಣು ತುಂಬಿದೆಯಾ?"

ಕೆಂಚಿಗೆ ಮೈ ಉರಿಯಿತು. "ನೀನು ದಿನಾ ಮಂಕೆ ಅಂತೀಯ. ಅದು ಬಂಗಾರಿ ಅನ್ನುತ್ತೆ. ನನ್ನ ಮೇಲೆ ಯಾರಿಗೆ ಪ್ರೀತಿ ಅಂತ ನನಗೆ ಗೊತ್ತಾಗಲ್ವಾ?" ಎಂದಿತು. ನರಿಯ ಕಡೆ ತಿರುಗಿ, "ಇವಳು ಚುಕ್ಕಿ, ಇವನು ಗಿಡ್ಡ, ಇವನು ತೊದಲ. ಹಸಿದರೆ ಹೆಸರು ಹಿಡಿದು ಕರಿ" ಎಂದು ಹೇಳಿಕೊಟ್ಟು ಹಾರಿಹೋಯಿತು. ನರಿ ಬರೀ ತಲೆಯಾಡಿಸಿತು. ಅದರ ಕಣ್ಣು ಮರಿಗಳ ತೊಡೆಯ ಮೇಲಿತ್ತು, ಕಿವಿ ಎಲ್ಲಿ ಕೇಳಬೇಕು!

ಮರಿಗಳು ಮೆಳೆಯೊಳಗೆ ಸೇರಿಕೊಂಡವು. "ಚಿನ್ನಗಳಾ, ಬನ್ನಿ" ಎಂದಿತು ನರಿ. ಒಂದೂ ಬರಲಿಲ್ಲ. ಮೂತಿ ತೂರಿಸಿತು, ಮುಳ್ಳು ಚುಚ್ಚಿತು. ಹೆಸರು ನೆನಪು ಮಾಡಿಕೊಳ್ಳಲು ಹೆಣಗಿತು. ಕೇಳಿಸಿಕೊಂಡಿದ್ದರಲ್ಲವೇ ನೆನಪಾಗುವುದು! ಕೊನೆಗೆ ಗಂಟಲು ಹರಿಯುವಂತೆ ಅರಚಿತು, "ಚಿನ್ನಗಳಾ! ಬಂಗಾರಗಳಾ! ಬನ್ನಿ, ತಿನ್ನೋಕೆ ಕೊಡ್ತೀನಿ!"

ಬಂದವು. ಆದರೆ ಬಂದದ್ದು ಮೆಳೆಯ ಆಚೆ ಮಲಗಿದ್ದ ಹಂದಿಮರಿಗಳು. ಅವುಗಳ ಬೆನ್ನಿಗೇ ತಾಯಿ ಕಾಡುಹಂದಿ ಬಂತು.

"ನನ್ನ ಮಕ್ಕಳನ್ನು ಕರೆಯೋಕೆ ನೀನ್ಯಾವನೋ?"

"ನಿಮ್ಮ ಮಕ್ಕಳನ್ನಲ್ಲ ಚಿನ್ನಾ..."

"ನಾನು ನಿನಗೆ ಚಿನ್ನಾನಾ?" ಎಂದ ಹಂದಿ ಮೂತಿಯಿಂದ ನರಿಯನ್ನು ಎತ್ತಿ ಮುಳ್ಳಿನ ಮೇಲೆ ಬಿಸಾಡಿತು.

ಹೆಸರು ಬಿಟ್ಟು 'ಚಿನ್ನಗಳಾ' ಎಂದು ನರಿ ಅರಚಿದ್ದೂ ಆಮೇಲಿನ ಗಲಾಟೆಯೂ ಕೇಳಿ ಕೆಂಚಿ ಜೀವ ಕೈಯಲ್ಲಿ ಹಿಡಿದು ಹಾರಿಬಂತು. "ಚುಕ್ಕೀ! ಗಿಡ್ಡಾ! ತೊದಲಾ!" ಎಂದು ಕೂಗಿತು. ಮೂರೂ ಮರಿಗಳು ಹೊರಗೆ ಓಡಿಬಂದವು. ಕೆಂಚಿ ಅವನ್ನು ರೆಕ್ಕೆಯೊಳಗೆ ಅವುಚಿಕೊಂಡು ಗೊಳೋ ಎಂದು ಅತ್ತಿತು.

"ಬಂಗಾರೀ, ನಿನ್ನ ಮಕ್ಕಳನ್ನು ಕಾಯೋಕೆ ಹೋಗಿ ನನಗೆ ಈ ಗತಿ ಬಂತು. ಮುಳ್ಳು ತೆಗಿಯೇ" ಎಂದು ನರಿ ನರಳಿತು.

"ತೆಗೀತೀನಿ. ಮೊದಲು ನನ್ನ ಹೆಸರು ಹೇಳು."

ನರಿ ಬಾಯಿ ತೆರೆಯಿತು. ಹಾಗೇ ಮುಚ್ಚಿತು. ಕೆಂಚಿ ಅದರ ಮುಖಕ್ಕೆ ಎರಡು ಕಾಲಲ್ಲೂ ಮಣ್ಣು ಕೆದರಿ, ಮರಿಗಳನ್ನು ಮೊಲದ ಬಿಲದ ಕಡೆ ಕರೆದುಕೊಂಡು ಹೋಯಿತು.

ನೀತಿ: ಮುದ್ದಿನ ಹೆಸರಿಟ್ಟು ಕರೆಯುವವರೆಲ್ಲ ನಮ್ಮವರಲ್ಲ, ಬೈದಾದರೂ ಬುದ್ಧಿ ಹೇಳುವವರೇ ನಮ್ಮವರು.