ತೊಲೆಯ ಮೇಲಿನ ಧೂಳು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಅಲ್ಯೂಮಿನಿಯಂ ಪಾತ್ರೆಗಳಿಗೆ ಹೊಳಪು ಕೊಡುವುದೇ ಶಿಷ್ಯರ ಕಾಯಕ. ಮಡಿವಾಳಯ್ಯ ಹತ್ತು ವರ್ಷದಿಂದ ಸಾಣೆಚಕ್ರಕ್ಕೆ ಕುಳಿತವನು. ಪ್ರತಿ ಆಯುಧಪೂಜೆಗೂ ಚಕ್ರಕ್ಕೆ ಆರತಿ ಬೆಳಗುವವನೂ ಅವನೇ.

ಈ ವರ್ಷ ಗುರುತಾಯಿ ಶರಣಮ್ಮ, "ಆರತಿ ನಿಂಗರಾಜ ಮಾಡ್ಲಿ" ಎಂದುಬಿಟ್ಟರು.

ನಿಂಗರಾಜ ಬಂದು ಮೂರು ತಿಂಗಳು. ಬಂದಂದಿನಿಂದ ಸಾಣೆಮನೆ ಗುಡಿಸುವ ಕೆಲಸ ಅವನದು; ಪೊರಕೆ ಬಿಟ್ಟು ಬೇರೇನೂ ಹಿಡಿದವನಲ್ಲ.

ಮಡಿವಾಳಯ್ಯನಿಗೆ ಅನ್ನ ಸೇರಲಿಲ್ಲ. ಮೊದಲ ದಿನದಿಂದಲೂ ಅಷ್ಟೇ: ಗುರುತಾಯಿ ಆ ಹೆಸರು ಕರೆದರೆ ಇವನ ಎದೆಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ತೊಲೆ ಗುಡಿಸಲು ನಿಂಗರಾಜ ಏಣಿ ಕೇಳಿದಾಗಲೆಲ್ಲ, "ನನ್ನ ಚಕ್ರದ ಮ್ಯಾಲೆ ನೀ ಹತ್ತಬ್ಯಾಡ. ನೆಲ ಗುಡಿಸು, ಸಾಕು" ಎಂದು ಅಟ್ಟಿದ್ದ.

ಹಬ್ಬದ ಬೆಳಿಗ್ಗೆ ಮಡಿವಾಳಯ್ಯ ಎಲ್ಲರಿಗಿಂತ ಮೊದಲೇ ಆರತಿ ಹೊತ್ತಿಸಿಕೊಂಡು ಸಾಣೆಮನೆಗೆ ಹೊರಟ. ಹೊಸ್ತಿಲಲ್ಲಿ ಶರಣಮ್ಮ ಕುಳಿತಿದ್ದರು.

"ದೀಪ ಅಂಗಳದಾಗ ಇಡು."

"ಹತ್ತು ವರ್ಷ ಒಳಗೇ ಬೆಳಗೀನಿ ಅವ್ವಾ. ಈಗ ನಾ ಬ್ಯಾಡಾದ್ನೇನ್ರಿ?"

ಶರಣಮ್ಮ ಒಳಹೋಗಿ, ಏಣಿ ಹತ್ತಿ, ತೊಲೆಯ ಮೇಲಿಂದ ಚಿಟಿಕೆ ಪುಡಿ ತಂದರು. ಸಾಣೆಯಿಂದ ಹಾರಿ ಕೂತ ಅಲ್ಯೂಮಿನಿಯಂ ಧೂಳು; ಬೂದು ಬಣ್ಣ, ಹಿಟ್ಟಿನಷ್ಟು ನುಣುಪು.

ಮೊದಲು ಅವನು ಅಂಗಳದಲ್ಲಿಟ್ಟ ದೀಪಕ್ಕೆ ಅಲ್ಯೂಮಿನಿಯಂ ಚಮಚ ಹಿಡಿದರು. ಮಸಿ ಹತ್ತಿತು, ಅಷ್ಟೇ.

"ಸುಡತೈತೇನು?"

"ಇಲ್ರಿ."

"ದೂರ ನಿಲ್ಲು."

ಪುಡಿಯನ್ನು ಉದ್ದನೆಯ ಊದುಗೊಳವೆಗೆ ಹಾಕಿ ದೀಪದ ಮೇಲೆ ಊದಿದರು.

ಭಗ್ಗೆಂದಿತು. ಮಡಿವಾಳಯ್ಯನ ಕಣ್ಣು ಕೋರೈಸಿ ಅಂಗಳವೇ ಮಾಯವಾಯಿತು.

"ಇದು ಚಿಟಿಕೆ. ಮ್ಯಾಲೆ ಬೊಗಸೆಗಟ್ಟಲೆ ಐತಿ. ಜಾಗಟೆ ಬಾರಿಸಿದ್ರ ಸಾಕು, ಉದುರತೈತಿ. ಕೆಳಗ ನಿನ್ನ ಆರತಿ, ಸುತ್ತ ಹನ್ನೆರಡು ಮಂದಿ."

"ಹ್ವಾದ ವರ್ಷ ಹಿಂಗಿರಲಿಲ್ಲಲ್ರಿ!"

"ಹ್ವಾದ ವರ್ಷ ತೊಲೆ ಯಾರು ಗುಡಿಸಿದ್ರು?"

"ನಾನೇ ರಿ."

"ಇದು ಎಷ್ಟು ತಿಂಗಳ ಧೂಳು?"

ಮಡಿವಾಳಯ್ಯ ತೊಲೆಯತ್ತ ನೋಡಿದ. "ಮೂರು."

ಮತ್ತೆ ಕೇಳಿದ: "ಆದ್ರೂ ಅವನಿಗ್ಯಾಕ ಆರತಿ ಅವ್ವಾ?"

"ನೀವೆಲ್ಲ ಆರತಿ ಯಾರು ಮಾಡೋದು ಅಂತ ಕೇಳಿದ್ರಿ. ತೊಲೆ ಧೂಳ ಕಂಡು, ಎಲ್ಲಿ ಮಾಡೋದು ಅಂತ ಕೇಳಿದಾಂವ ಅವನೊಬ್ಬನೇ."

ಮಡಿವಾಳಯ್ಯ ದೀಪ ಆರಿಸಿದ. ಪೊರಕೆ ಹಿಡಿದು ಏಣಿ ಹತ್ತಿದ. ಮುಖ ಕೆಂಪಾಗಿತ್ತು. ಒಂದೇ ಏಟಿಗೆ ಮೂರು ತಿಂಗಳನ್ನೂ ಕೆಡವುವವನಂತೆ ಪೊರಕೆ ಬೀಸಲು ಕೈ ಎತ್ತಿದ.

ಕೆಳಗಿನಿಂದ ಶರಣಮ್ಮ ಅಂದರು:

"ಮೆಲ್ಲಗ, ತಮ್ಮಾ. ಸಿಟ್ಟಿಲೆ ಗುಡಿಸಿದ್ರ ಅದು ಹೋಗೂದಿಲ್ಲ, ಏಳತೈತಿ."