ಹಾರುವ ಹಕ್ಕು

ಚಾವಡಿಯ ಕಲ್ಲಿನ ಮೇಲೆ ಹುಲಿ-ಆಡಿನ ಆಟ ನಡೆದಿತ್ತು. ಬೆಣಚುಕಲ್ಲುಗಳು ಹುಲಿಗಳು, ಹುಣಿಸೆಬೀಜಗಳು ಆಡುಗಳು. ಆಡಿನ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದರ ಮೇಲೆ ಹಾರಿ ಅದನ್ನು ತಿನ್ನಬಹುದು. ಆಡು ಹಾರುವಂತಿಲ್ಲ, ಹುಲಿಗಳನ್ನು ಸುತ್ತುವರಿದು ಕಟ್ಟಿಹಾಕಿದರೆ ಅದು ಗೆದ್ದಂತೆ.

ತನ್ನ ತಮ್ಮನಾದ ಇನ್ನೊಂದು ಬೀಜದ ಬೆನ್ನಿಗೆ ನಿಂತಿದ್ದ ಹುಣಿಸೆಬೀಜವೊಂದು ಹುಲಿಗಳ ಮೇಲೆ ಸಿಡುಕಿತು: “ನೀವು ಹಾರುತ್ತೀರಿ, ನಾವು ತೆವಳಬೇಕು. ಇದೆಂಥ ನ್ಯಾಯ? ನಮಗೂ ಹಾರುವ ಹಕ್ಕು ಬೇಕು.”

“ಧಾರಾಳವಾಗಿ ಹಾರಪ್ಪ,” ಎಂದಿತು ತಮ್ಮನ ಎದುರಿಗಿದ್ದ ಬೆಣಚುಕಲ್ಲು.

ಬೀಜ ಖುಷಿಯಿಂದ ಪಕ್ಕದ ಹುಲಿಯೊಂದನ್ನು ದಾಟಿ ಹಾರಿತು. ತಿರುಗಿ ನೋಡುವಷ್ಟರಲ್ಲಿ, ಅದು ಬಿಟ್ಟುಹೋದ ಮನೆಯಲ್ಲಿ ಆ ಬೆಣಚುಕಲ್ಲು ಕೂತಿತ್ತು. ನಡುವೆ ಇದ್ದ ತಮ್ಮ ಇರಲಿಲ್ಲ.

ಮರುದಿನ ಹೊಸ ಆಟ. ಬೀಜ ತಮ್ಮನ ಬೆನ್ನಿಗೆ ಅಂಟಿ ನಿಂತಿತು.

“ಹಾರುವುದಿಲ್ಲವೇ? ಹಕ್ಕು ಇನ್ನೂ ಇದೆಯಲ್ಲ!” ಎಂದಿತು ಬೆಣಚುಕಲ್ಲು.

“ಇರಲಿ ಬಿಡಿ,” ಎಂದಿತು ಬೀಜ. ಅದರ ಬೆನ್ನಿಗೆ ಇನ್ನೊಂದು ಬಂದು ನಿಂತಿತು, ಅದರ ಬೆನ್ನಿಗೆ ಮತ್ತೊಂದು. ಸಂಜೆಯ ಹೊತ್ತಿಗೆ ಹುಲಿಗಳಿಗೆ ಅಲುಗಾಡಲು ಒಂದು ಮನೆಯೂ ಉಳಿಯಲಿಲ್ಲ.

“ಇದು ಅನ್ಯಾಯ,” ಎಂದಿತು ಬೆಣಚುಕಲ್ಲು. “ನಿಮ್ಮ ಬೆನ್ನಿಗೆ ನಿಮ್ಮವರಿದ್ದಾರೆ. ನಮಗೆ ಕೊಟ್ಟಿರುವುದು ಬರೀ ಹಾರುವ ಹಕ್ಕು.”